ವೇಗದ ಸ್ನಾಯು ಇದ್ದರೂ ಜಿಗಿತ ಏಕೆ ಏರುತ್ತಿಲ್ಲ?

ಪ್ರಶ್ನೆ: ನಾನು ವಾಲಿಬಾಲ್ ಆಟಗಾರ. ವಯಸ್ಸು 21, ತೂಕ 70 ಕಿಲೋ. ಈಚೆಗೆ ನಮ್ಮ ತಂಡದವರಿಗೆಲ್ಲ ಟೆನ್ಸಿಯೋಮಯೋಗ್ರಫಿ ಎಂಬ ಸ್ನಾಯು ಪರೀಕ್ಷೆ ಮಾಡಿಸಿದರು. ತೊಡೆಯ ಹೊರಬದಿಯ ಸ್ನಾಯುವಿನ ಸಂಕೋಚನ ಕಾಲ ನನಗೆ 21 ಮಿಲಿಸೆಕೆಂಡು, ನನ್ನ ಜೊತೆ ಆಟಗಾರನಿಗೆ 27. ನನ್ನದು ‘ವೇಗದ ಸ್ನಾಯು’ ಎಂದರು. ಆದರೆ ನಿಂತಲ್ಲಿಂದ ಮೇಲಕ್ಕೆ ಜಿಗಿದರೆ ನನ್ನದು 42 ಸೆಂ.ಮೀ., ಅವನದು 50. ತೂಕ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಪರೀಕ್ಷೆ ತಪ್ಪೇ? ಭಾರ ಹೊತ್ತು ನಿಧಾನವಾಗಿ ಸ್ಕ್ವಾಟ್ ಮಾಡುವುದರಿಂದ ನನ್ನ ಸ್ನಾಯುವೂ ನಿಧಾನವಾಗಿಬಿಡುತ್ತದೆಯೇ?

ಉತ್ತರ: ಪರೀಕ್ಷೆ ತಪ್ಪಾಗಿರಬೇಕಿಲ್ಲ. ಒಂದು ಸ್ನಾಯು ಒಂದೇ ಒಂದು ಸಲ ಬೆಚ್ಚಿದಾಗ ಎಷ್ಟು ಬೇಗ ಉಬ್ಬುತ್ತದೆ ಎಂಬುದನ್ನು ಆ ಯಂತ್ರ ಅಳೆಯಿತು. ಸುಮಾರು ಮೂರನೇ ಒಂದು ಸೆಕೆಂಡಿನಲ್ಲಿ ಎರಡೂ ಕಾಲುಗಳು ಸೇರಿ ನೆಲವನ್ನು ಒಟ್ಟು ಎಷ್ಟು ಒತ್ತಿದವು ಎಂಬುದನ್ನು ನಿಮ್ಮ ಜಿಗಿತ ಅಳೆಯುತ್ತದೆ. ಇವೆರಡರ ನಡುವೆ ನರಗಳ ಆದೇಶ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಕೀಲುಗಳ ಹೊಂದಾಣಿಕೆ ಎಂಬ ಮೂರು ಮಧ್ಯವರ್ತಿಗಳಿದ್ದಾರೆ. ನಿಮ್ಮ ಸ್ನಾಯುವಿನ ಚುರುಕು ಅವರ ಕೈ ದಾಟಿ ನೆಲ ಮುಟ್ಟುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಮೊದಲು ಆ ಮಂಚದ ಮೇಲೆ ನಡೆದದ್ದನ್ನು ನೆನಪಿಸಿಕೊಳ್ಳಿ. ಮಂಡಿಯ ಅಡಿಗೆ ದಿಂಬಿಟ್ಟು ನಿಮ್ಮನ್ನು ಸಡಿಲವಾಗಿ ಮಲಗಿಸಿರುತ್ತಾರೆ. ತೊಡೆಯ ಮೇಲೆ ಎರಡು ಎಲೆಕ್ಟ್ರೋಡ್‌ಗಳು, ಅವುಗಳ ನಡುವೆ ಸ್ನಾಯುವಿನ ಉಬ್ಬಿಗೆ ನೆಟ್ಟಗೆ ಒತ್ತಿ ನಿಂತ ಸ್ಪ್ರಿಂಗ್ ಮೊನೆ. ಒಂದು ಮಿಲಿಸೆಕೆಂಡಿನ ವಿದ್ಯುತ್ ಮಿಡಿತ ಹರಿದಾಗ ತೊಡೆ ನಿಮ್ಮ ಅಪ್ಪಣೆಯಿಲ್ಲದೆ ತಟ್ಟನೆ ಅದುರುತ್ತದೆ. ಮೊನೆ ಕೆಲವು ಮಿಲಿಮೀಟರ್ ಮೇಲೆದ್ದು ಮತ್ತೆ ಇಳಿಯುತ್ತದೆ. ಆ ಏರಿಕೆಯ ಶೇ 10ರಿಂದ ಶೇ 90ಕ್ಕೆ ತಲುಪಲು ಹಿಡಿದ ಸಮಯವೇ ಸಂಕೋಚನ ಕಾಲ. ಅಷ್ಟೇ.

ಆ ಅದುರಿನ ಒಳಗೆ ನಡೆಯುವುದು ಇಷ್ಟು: ಮಿಡಿತ ತಲುಪಿದೊಡನೆ ಸ್ನಾಯುತಂತುವಿನ ಒಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ಆಗ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಪಕ್ಕದ ಆಕ್ಟಿನ್ ಎಳೆಗಳನ್ನು ಹಿಡಿದು ಜಗ್ಗುತ್ತವೆ. ವೇಗದ ತಂತುಗಳಲ್ಲಿ ಕ್ಯಾಲ್ಸಿಯಂ ಚೆಲ್ಲುವುದೂ ಹೆಚ್ಚು, ಮಯೋಸಿನ್ ಹಿಡಿದು ಬಿಡುವ ಗತಿಯೂ ಹೆಚ್ಚು. ಹೀಗಾಗಿ ವೇಗದ ತಂತುಗಳ ಪಾಲು ಜಾಸ್ತಿ ಇರುವ ಸ್ನಾಯುವಿನಲ್ಲಿ ಸಂಕೋಚನ ಕಾಲ ಕಡಿಮೆ ಬರುತ್ತದೆ. ಈ ಮಟ್ಟಿಗೆ ನಿಮಗೆ ಹೇಳಿದ್ದು ನಿಜ. ಆದರೆ ಒಂಟಿ ಮಿಡಿತಕ್ಕೆ ಚೆಲ್ಲಿದ ಕ್ಯಾಲ್ಸಿಯಂ ಕಣ್ಣುಮಿಟುಕಿಸುವುದರೊಳಗೆ ಮತ್ತೆ ಒಳಸೇರುತ್ತದೆ. ಸ್ನಾಯು ತನ್ನ ಪೂರ್ಣ ಬಲದ ಸಣ್ಣದೊಂದು ಪಾಲನ್ನು ತೋರಿಸಿ ಸುಮ್ಮನಾಗುತ್ತದೆ. ಜಿಗಿಯುವಾಗ ಅದೇ ಸ್ನಾಯುವಿಗೆ ಮಿಡಿತಗಳ ಸುರಿಮಳೆಯೇ ಆಗುತ್ತದೆ. ಒಂದು ಹನಿ ಬಿದ್ದ ಸದ್ದು ಕೇಳಿ ಮಳೆಯ ಪ್ರಮಾಣ ಹೇಳಲಾಗದು.

ಇನ್ನೊಂದು ಮಾತು, ಈ ಪರೀಕ್ಷೆಯನ್ನು ನಂಬುವವನಾಗಿಯೇ ಹೇಳುತ್ತಿದ್ದೇನೆ. ಮೊನೆಯನ್ನು ಒಂದು ಬೆರಳಗಲ ಆಚೀಚೆ ಇಟ್ಟರೆ ಅಂಕಿ ಬದಲಾಗುತ್ತದೆ. ಹಿಂದಿನ ದಿನದ ದಣಿವು, ಚರ್ಮದಡಿಯ ಕೊಬ್ಬು, ಮಂಡಿಯ ಕೋನ ಎಲ್ಲವೂ ಅದರಲ್ಲಿ ಬೆರೆಯುತ್ತವೆ. ಒಬ್ಬನದೇ ಎಡಗಾಲು ಬಲಗಾಲುಗಳನ್ನು ಹೋಲಿಸಲು, ಒಬ್ಬನನ್ನೇ ತಿಂಗಳಿಂದ ತಿಂಗಳಿಗೆ ನೋಡಲು, ಗಾಯದಿಂದ ಚೇತರಿಸಿಕೊಳ್ಳುತ್ತಿರುವವನ ಮೇಲೆ ಕಣ್ಣಿಡಲು ಇದು ಒಳ್ಳೆಯ ಸಾಧನ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಯಾರು ಎತ್ತರ ಜಿಗಿಯುತ್ತಾರೆ ಎಂದು ಭವಿಷ್ಯ ಹೇಳಲು ಇದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಸ್ನಾಯುವಿನ ಚೂರನ್ನೇ ತೆಗೆದು ತಂತುಗಳನ್ನು ಎಣಿಸಿದ ಅಧ್ಯಯನಗಳಲ್ಲೂ ವೇಗದ ತಂತುಗಳ ಪಾಲಿಗೂ ಜಿಗಿತದ ಎತ್ತರಕ್ಕೂ ನಂಟು ಕಂಡಿದೆ, ಆದರೆ ಅದು ಸಡಿಲವಾದ ನಂಟು.

ಈಗ ನಿಮ್ಮ ಜಿಗಿತಕ್ಕೆ ಬರೋಣ. ಪಾದ ನೆಲ ಬಿಟ್ಟ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಬಿಡುವ ಕ್ಷಣದ ವೇಗವೇ ಎತ್ತರವನ್ನು ತೀರ್ಮಾನಿಸಿಬಿಟ್ಟಿರುತ್ತದೆ. 42 ಸೆಂ.ಮೀ.ಗೆ ಬೇಕಾದ ವೇಗ ಸೆಕೆಂಡಿಗೆ 2.87 ಮೀಟರ್. 50 ಸೆಂ.ಮೀ.ಗೆ 3.13 ಮೀಟರ್. ನೆಲ ಒತ್ತುವ ಅವಧಿಯನ್ನು 0.3 ಸೆಕೆಂಡು ಎಂದು ಇಟ್ಟುಕೊಂಡರೆ, 70 ಕಿಲೋ ದೇಹಕ್ಕೆ ತೂಕ ಹೊರುವುದನ್ನು ಬಿಟ್ಟು ಮೇಲುಳಿಯಬೇಕಾದ ಸರಾಸರಿ ಬಲ ನಿಮ್ಮದು ಸುಮಾರು 670 ನ್ಯೂಟನ್, ಗೆಳೆಯನದು ಸುಮಾರು 730. ನಿಮ್ಮಿಬ್ಬರ ನಡುವಿನ ಅಂತರ 60 ನ್ಯೂಟನ್, ಅಂದರೆ ಆರು ಕಿಲೋ ವಸ್ತುವೊಂದರ ಭಾರದಷ್ಟು. ಅಂತರ ಎಷ್ಟು ಚಿಕ್ಕದು ನೋಡಿ. ಅದೇ ಬಲವನ್ನು ಸ್ವಲ್ಪ ಹೆಚ್ಚು ಆಳದಿಂದ, ಹೆಚ್ಚು ದೂರದವರೆಗೆ ಹಾಕಿದರೂ ಅಂತರ ಮುಚ್ಚುತ್ತದೆ. ಗೆಳೆಯ ನಿಮಗಿಂತ ಆಳಕ್ಕೆ ಕುಗ್ಗಿ ಏಳುತ್ತಾನೆಯೇ ಎಂದು ಒಮ್ಮೆ ಪಕ್ಕದಿಂದ ವಿಡಿಯೊ ಮಾಡಿ ನೋಡಿ.

ಅದಕ್ಕೂ ಮೊದಲು ಅಳತೆಯನ್ನೇ ಅನುಮಾನಿಸಿ. ಈಗ ಹೆಚ್ಚಿನ ಕಡೆ ಎತ್ತರವನ್ನು ಗಾಳಿಯಲ್ಲಿದ್ದ ಸಮಯದಿಂದ ಲೆಕ್ಕ ಹಾಕುತ್ತಾರೆ. 42 ಸೆಂ.ಮೀ. ಎಂದರೆ ಗಾಳಿಯಲ್ಲಿ 0.585 ಸೆಕೆಂಡು. ಇಳಿಯುವಾಗ ಮಂಡಿ ಮಡಚಿಕೊಂಡು ನೆಲ ಮುಟ್ಟುವುದನ್ನು ಬರೀ 30 ಮಿಲಿಸೆಕೆಂಡು ತಡಮಾಡಿದರೂ ಯಂತ್ರ ನಿಮಗೆ 46 ಸೆಂ.ಮೀ. ಬರೆದುಕೊಡುತ್ತದೆ. ನಿಮ್ಮ ಎಂಟು ಸೆಂ.ಮೀ. ಅಂತರದ ಅರ್ಧ ಅಲ್ಲೇ ಅಡಗಿರಬಹುದು. ಇಬ್ಬರೂ ಕೈಗಳನ್ನು ಸೊಂಟದ ಮೇಲಿಟ್ಟು, ಕಾಲು ನೀಡಿ ತುದಿಗಾಲಿನಲ್ಲಿ ಇಳಿದರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ. ಕೈ ಬೀಸುವುದೂ ಎತ್ತರ ಕೂಡಿಸುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿ.

ಅಂತರ ನಿಜವೇ ಎಂದಾದರೆ ಮೊದಲ ಸಂಶಯ ನರದ ಮೇಲೆ. ಸ್ನಾಯು ತನ್ನ ಪೂರ್ಣ ಬಲ ತಲುಪಲು ಸಾಮಾನ್ಯವಾಗಿ 300 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಜಿಗಿತ ಅಷ್ಟು ಕಾಯುವುದಿಲ್ಲ. ಆದ್ದರಿಂದ ಬಲ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಏರುತ್ತದೆ ಎಂಬುದು ಇಲ್ಲಿ ತೂಕದ ಮಾತು. ಈ ಏರಿಕೆಯ ಮೊದಲ 50–75 ಮಿಲಿಸೆಕೆಂಡನ್ನು ಬಹುಪಾಲು ಆಳುವುದು ಬೆನ್ನುಹುರಿಯಿಂದ ಬರುವ ಮಿಡಿತಗಳ ದಟ್ಟಣೆ; ಆಮೇಲಿನ ಭಾಗದಲ್ಲಿ ಸ್ನಾಯುವಿನ ಗಾತ್ರ ಮತ್ತು ಒಟ್ಟು ಬಲದ ಕೈ ಮೇಲಾಗುತ್ತದೆ. ಸಿಡಿದೇಳುವ ಚಲನೆಯ ಆರಂಭದಲ್ಲಿ ಒಂದು ನರಕೋಶ ಸೆಕೆಂಡಿಗೆ ನೂರಕ್ಕೂ ಮೀರಿದ ಗತಿಯಲ್ಲಿ ಮಿಡಿಯಬಲ್ಲದು. ಕೆಲವೊಮ್ಮೆ ಎರಡು ಮಿಡಿತಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಂತೆ ಬರುತ್ತವೆ. ಆ ಜೋಡಿ ಮಿಡಿತ ಸ್ನಾಯುವಿನೊಳಗೆ ಕ್ಯಾಲ್ಸಿಯಮ್ಮನ್ನು ಒಮ್ಮೆಲೇ ತುಂಬಿಬಿಡುತ್ತದೆ.

ಇದು ಹುಟ್ಟಿನಿಂದ ಬಂದ ಹಣೆಬರಹವಲ್ಲ ಎಂಬುದಕ್ಕೆ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಪ್ರಿಯ. ವಾನ್ ಕುಟ್ಸೆಮ್, ದುಶಾತೊ ಮತ್ತು ಹೈನೊ ಎಂಬ ಸಂಶೋಧಕರು ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯುವಿಗೆ 12 ವಾರ ವೇಗದ ಚಲನೆಯ ತರಬೇತಿ ಕೊಡಿಸಿ, ಒಂದೊಂದೇ ನರಕೋಶದ ಮಿಡಿತವನ್ನು ಆಲಿಸಿದರು. ತರಬೇತಿಗೆ ಮೊದಲು ಜೋಡಿ ಮಿಡಿತ ಹೊಮ್ಮಿಸುತ್ತಿದ್ದವು ಸುಮಾರು ಶೇ 5. ತರಬೇತಿಯ ನಂತರ ಸುಮಾರು ಶೇ 33. ನಿಮ್ಮ ಪರೀಕ್ಷಾ ಯಂತ್ರ ಇದನ್ನು ಕಾಣಲಾರದು, ಏಕೆಂದರೆ ಅಲ್ಲಿ ಆದೇಶ ಕೊಟ್ಟದ್ದು ನಿಮ್ಮ ಮೆದುಳಲ್ಲ, ಯಂತ್ರವೇ. ನಿಮ್ಮ ಸ್ನಾಯು ಚುರುಕಾಗಿದ್ದು ಆದೇಶ ಸಾವಧಾನವಾಗಿ ಬರುತ್ತಿದ್ದರೆ 21 ಮಿಲಿಸೆಕೆಂಡಿನ ಚುರುಕು ಬಳಕೆಯಾಗದೆ ಉಳಿಯುತ್ತದೆ.

ಎರಡನೆಯದು, ಮೇಲೇಳುವ ಮುನ್ನ ಕುಗ್ಗುವ ಆ ಚಿಕ್ಕ ಚಲನೆ. ಕುಕ್ಕರುಗಾಲಿನಲ್ಲಿ ನಿಶ್ಚಲವಾಗಿ ನಿಂತು ಜಿಗಿಯುವುದಕ್ಕಿಂತ ಕುಗ್ಗಿ ಜಿಗಿದರೆ ಕೆಲವು ಸೆಂ.ಮೀ. ಹೆಚ್ಚು ಏರುತ್ತೇವೆ. ಸ್ಪ್ರಿಂಗಿನಂತೆ ಶಕ್ತಿ ತುಂಬಿಕೊಳ್ಳುವುದೇ ಇದಕ್ಕೆ ಕಾರಣ ಎಂದು ಬಹುಕಾಲ ಹೇಳಲಾಗುತ್ತಿತ್ತು. ನೆದರ್ಲ್ಯಾಂಡ್ಸ್‌ನ ಮಾರ್ಟೆನ್ ಬಾಬರ್ಟ್ ಮತ್ತು ಸಂಗಡಿಗರು 1996ರಲ್ಲಿ ವಾಲಿಬಾಲ್ ಆಟಗಾರರ ಮೇಲೆಯೇ ನಡೆಸಿದ ಅಧ್ಯಯನ ಬೇರೆ ಮುಖ್ಯ ಕಾರಣ ತೋರಿಸಿತು: ಕೆಳಗಿಳಿಯುವ ದೇಹವನ್ನು ತಡೆಯುವಾಗಲೇ ಸ್ನಾಯು ಬಲ ಏರಿಸಿಕೊಂಡಿರುತ್ತದೆ, ಹಾಗಾಗಿ ಮೇಲೇಳುವ ಮೊದಲ ಅಂಗುಲದಿಂದಲೇ ಪೂರ್ಣ ಒತ್ತಡ ಸಿಗುತ್ತದೆ. ನಿಶ್ಚಲ ಜಿಗಿತದಲ್ಲಿ ಆ ಮೊದಲ ಭಾಗ ಬಲ ಏರುವುದರಲ್ಲೇ ಕಳೆದುಹೋಗುತ್ತದೆ.

ಇದರ ಪರಿಣಾಮವನ್ನು ಗಮನಿಸಿ. ಕುಗ್ಗಿ ಏಳುವ ಜಿಗಿತ ನಿಧಾನ ಸ್ನಾಯುವಿನವನಿಗೆ ಸಮಯ ಕೊಡುತ್ತದೆ. ನಿಮ್ಮ ಗೆಳೆಯನ ಸಂಕೋಚನ ಕಾಲ ಆರು ಮಿಲಿಸೆಕೆಂಡು ಹೆಚ್ಚಿದ್ದರೂ ಅವನು ಕುಗ್ಗುವ ಹೊತ್ತಿನಲ್ಲೇ ಆ ಕೊರತೆ ತುಂಬಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಯಾರ ಒಟ್ಟು ಬಲ ಜಾಸ್ತಿಯೋ ಅವರೇ ಮೇಲೆ. ಓಡಿಬಂದು ಉದ್ದ ಜಿಗಿಯುವವರ ಪಾದ ಹಲಗೆಯ ಮೇಲೆ ಇರುವುದು ಸುಮಾರು 0.12 ಸೆಕೆಂಡು ಮಾತ್ರ. ಅಲ್ಲಿ ಕಾಲಾವಕಾಶ ಇಲ್ಲ. ನಿಮ್ಮಂಥ ಸ್ನಾಯುವಿನ ಗುಣ ಅಲ್ಲಿ ಎದ್ದು ಕಾಣಬಹುದು. ನೀವಿಬ್ಬರೂ ಎರಡು ಹೆಜ್ಜೆ ಓಡಿಬಂದು ಒಂಟಿ ಕಾಲಿನಲ್ಲಿ ಜಿಗಿದು ನೋಡಿದ್ದೀರಾ? ಅಂತರ ಕಡಿಮೆಯಾದರೆ ಆಶ್ಚರ್ಯಪಡುವುದಿಲ್ಲ.

ವೇಗದ ತಂತುಗಳ ನಿಜವಾದ ಬೆಲೆ ತಿಳಿಯುವುದು ಜಿಗಿತದ ಕೊನೆಯ ಭಾಗದಲ್ಲಿ. ಬ್ರಿಟನ್ನಿನ ಆರ್ಚಿಬಾಲ್ಡ್ ಹಿಲ್ 1938ರಲ್ಲಿ ತೋರಿಸಿದ ನಿಯಮವೊಂದಿದೆ: ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದು ಕೊಡಬಲ್ಲ ಬಲ ಇಳಿಯುತ್ತದೆ. ಗರಿಷ್ಠ ವೇಗದ ಸುಮಾರು ಮೂರನೇ ಒಂದರಷ್ಟು ವೇಗದಲ್ಲಿ ಕುಗ್ಗುವಾಗ ಬಲ ಮತ್ತು ವೇಗದ ಗುಣಲಬ್ಧ, ಅಂದರೆ ಸಾಮರ್ಥ್ಯ, ತುತ್ತತುದಿ ಮುಟ್ಟುತ್ತದೆ. ಮಂಡಿ ನೇರವಾಗುತ್ತ ಬಂದಂತೆ ಸ್ನಾಯು ಕುಗ್ಗುವ ವೇಗ ಏರುತ್ತಲೇ ಹೋಗುತ್ತದೆ. ನಿಧಾನ ತಂತುಗಳು ಆ ವೇಗದಲ್ಲಿ ಬಲ ಕೊಡಲಾರದೆ ಸೋಲುತ್ತವೆ. ವೇಗದ ತಂತುಗಳು ಇನ್ನೂ ತಳ್ಳುತ್ತಿರುತ್ತವೆ. ಕಪ್ಪೆ ಈ ನಿಯಮಕ್ಕೆ ಹೇಳಿ ಮಾಡಿಸಿದ ಪ್ರಾಣಿ. 1994ರಲ್ಲಿ ಲುಟ್ಜ್ ಮತ್ತು ರೋಮ್ ಎಂಬಿಬ್ಬರು ಕಪ್ಪೆಯ ಹಿಂಗಾಲಿನ ಸ್ನಾಯುವನ್ನು ಅಳೆದು, ಜಿಗಿಯುವಾಗ ಅದು ತನ್ನ ಅತ್ಯುತ್ತಮ ಉದ್ದದ ಆಸುಪಾಸಿನಲ್ಲಿ, ಅತ್ಯುತ್ತಮ ವೇಗದಲ್ಲಿ, ಪೂರ್ಣ ಎಚ್ಚರದಲ್ಲಿ ಕೆಲಸ ಮಾಡುತ್ತದೆ ಎಂದು ಕಂಡುಕೊಂಡರು. ಮೂರೂ ಒಟ್ಟಿಗೆ ಕೂಡಿಬಂದಾಗಲೇ ಸ್ನಾಯು ತನ್ನಲ್ಲಿರುವುದನ್ನೆಲ್ಲ ಕೊಡುತ್ತದೆ. ಮನುಷ್ಯರಲ್ಲಿ ಇವು ಮೂರೂ ಸುಲಭವಾಗಿ ಕೂಡುವುದಿಲ್ಲ. ತರಬೇತಿ ಎಂದರೆ ಬಹುಮಟ್ಟಿಗೆ ಇವನ್ನು ಕೂಡಿಸುವ ಕೆಲಸ.

ತಂತುವಿನ ಜಾತಿಯಷ್ಟೇ ಅದರ ಉದ್ದವೂ ಮುಖ್ಯ. ಸರಪಣಿಯಂತೆ ಸಾಲಾಗಿ ಜೋಡಿಸಿದ ಸಂಕೋಚನ ಘಟಕಗಳು ಹೆಚ್ಚಿದ್ದಷ್ಟೂ ಸ್ನಾಯು ಒಟ್ಟಾರೆ ವೇಗವಾಗಿ ಕುಗ್ಗುತ್ತದೆ. ಅದೇ ಗಾತ್ರದಲ್ಲಿ ಗಿಡ್ಡ ತಂತುಗಳನ್ನು ಓರೆಯಾಗಿ ಒತ್ತೊತ್ತಾಗಿ ತುಂಬಿದರೆ ವೇಗಕ್ಕೆ ಬದಲು ಬಲ ಸಿಗುತ್ತದೆ. ನಿಮ್ಮ ಗೆಳೆಯನ ತೊಡೆಯಲ್ಲಿ ತಂತುಗಳು ಉದ್ದವಾಗಿದ್ದರೆ ನಿಧಾನ ಜಾತಿಯ ಕೊರತೆ ಅಲ್ಲಿಯೂ ತುಂಬಿಹೋಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಇದನ್ನು ಅಳೆಯಬಹುದು.

ಸ್ನಾಯುರಜ್ಜಿನ ಕಥೆ ನನಗೆ ಎಲ್ಲಕ್ಕಿಂತ ಬೆರಗಿನದು. ಮೀನಖಂಡದ ಮೇಲೆ ಅಲ್ಟ್ರಾಸೌಂಡ್ ಪಟ್ಟಿ ಕಟ್ಟಿಕೊಂಡು ಒಬ್ಬರು ಜಿಗಿಯುವುದನ್ನು ಪರದೆಯ ಮೇಲೆ ಮೊದಲ ಸಲ ನೋಡಿದಾಗ ನಾನು ಅದನ್ನು ಹಿಂದೆ ಮುಂದೆ ಓಡಿಸಿ ಹತ್ತಾರು ಬಾರಿ ನೋಡಿದ್ದೆ. ಹಿಮ್ಮಡಿ ನೆಲದಿಂದ ಏಳುವ ಮುನ್ನ ಪರದೆಯ ಓರೆ ಗೆರೆಗಳು, ಅಂದರೆ ತಂತುಗಳ ಕಟ್ಟುಗಳು, ಕುಗ್ಗುತ್ತವೆ. ಆದರೆ ಪಾದದ ಕೀಲು ಅಲ್ಲಾಡುವುದಿಲ್ಲ. ಕುಗ್ಗಿದಷ್ಟೂ ಅಕಿಲಿಸ್ ಸ್ನಾಯುರಜ್ಜು ಹಿಗ್ಗುತ್ತಿರುತ್ತದೆ. ಆಮೇಲೆ ಗೆರೆಗಳು ಬಹುತೇಕ ನಿಂತಲ್ಲೇ ನಿಲ್ಲುತ್ತವೆ, ಪಾದ ಮಾತ್ರ ಸರ್ರನೆ ನೆಲವನ್ನು ತಳ್ಳುತ್ತದೆ. ಕೊನೆಯ ಕ್ಷಣದ ಆ ವೇಗವನ್ನು ಬಹುಪಾಲು ಕೊಡುವುದು ಹಿಗ್ಗಿದ್ದ ರಜ್ಜು ಹಿಂದಿರುಗುವ ರಭಸ. ಸ್ನಾಯು ನಿಧಾನವಾಗಿ ಕುಗ್ಗುತ್ತ ಹಿಲ್ ನಿಯಮದ ಬಲವಾದ ಕಡೆಯಲ್ಲಿ ಉಳಿಯುತ್ತದೆ. ಚಿಗಟ ಇದೇ ತಂತ್ರವನ್ನು ತುತ್ತತುದಿಗೆ ಒಯ್ದಿದೆ: ರೆಸಿಲಿನ್ ಎಂಬ ಹಿಗ್ಗುವ ಪ್ರೋಟೀನಿನಲ್ಲಿ ನಿಧಾನವಾಗಿ ಶಕ್ತಿ ತುಂಬಿ, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಬಿಟ್ಟುಬಿಡುತ್ತದೆ. ಯಾವ ಸ್ನಾಯುವೂ ಅಷ್ಟು ಬೇಗ ಕುಗ್ಗಲಾರದು. ಅಂದಹಾಗೆ, ಮೀನಖಂಡದ ಒಳಪದರವಾದ ಸೋಲಿಯಸ್ ಸ್ನಾಯುವಿನಲ್ಲಿ ಹೆಚ್ಚಿನವು ನಿಧಾನ ತಂತುಗಳೇ. ಆದರೂ ಅದು ಜಿಗಿತಕ್ಕೆ ದೊಡ್ಡ ಕೊಡುಗೆ ನೀಡುತ್ತದೆ. ನಿಮ್ಮ ಪರೀಕ್ಷೆ ತೊಡೆಯೊಂದನ್ನೇ ನೋಡಿದೆ, ಮೀನಖಂಡವನ್ನಲ್ಲ, ಪೃಷ್ಠವನ್ನಲ್ಲ. ಅವೆರಡನ್ನೂ ಬಿಟ್ಟು ಜಿಗಿತದ ಮಾತಾಡುವುದು ಹೇಗೆ?

ಈ ಎಲ್ಲವೂ ಸೇರಿ ಒಂದು ಕ್ರಮದಲ್ಲಿ ಹೊರಬರಬೇಕು: ಮೊದಲು ಸೊಂಟ, ಆಮೇಲೆ ಮಂಡಿ, ಕೊನೆಗೆ ಪಾದ. ಬಾಬರ್ಟ್ ಮತ್ತು ವಾನ್ ಸೂಸ್ಟ್ 1994ರಲ್ಲಿ ಕಂಪ್ಯೂಟರಿನೊಳಗೆ ಜಿಗಿಯುವ ಮನುಷ್ಯನ ಮಾದರಿಯೊಂದನ್ನು ಮಾಡಿ ಅದರ ಸ್ನಾಯುಗಳ ಬಲ ಹೆಚ್ಚಿಸಿದರು, ಆದರೆ ಆದೇಶದ ಕ್ರಮವನ್ನು ಹಳೆಯದೇ ಇಟ್ಟರು. ಜಿಗಿತ ಏರುವ ಬದಲು ಇಳಿಯಿತು. ಹೊಸ ಬಲಕ್ಕೆ ತಕ್ಕಂತೆ ಆದೇಶಗಳ ಸಮಯವನ್ನು ಹೊಂದಿಸಿದ ಮೇಲಷ್ಟೇ ಎತ್ತರ ಹೆಚ್ಚಿತು. ತಿಂಗಳುಗಟ್ಟಲೆ ಭಾರ ಎತ್ತಿ, ಜಿಗಿಯುವುದನ್ನು ಬಿಟ್ಟು, ಕೊನೆಗೆ ಎತ್ತರ ಅಳೆದು ನಿರಾಶರಾಗುವ ಆಟಗಾರರಿಗೆ ನಾನು ಮೊದಲು ಹೇಳುವುದು ಈ ಪ್ರಯೋಗದ ಕಥೆಯನ್ನೇ.

ಹಾಗಾದರೆ ನಿಮ್ಮ ಕೊರತೆ ಎಲ್ಲಿದೆ? ಪತ್ರದಿಂದ ಖಚಿತವಾಗಿ ಹೇಳಲಾಗದು, ಆದರೆ ನೀವೇ ಮೂರು ಜಿಗಿತಗಳಿಂದ ಕಂಡುಕೊಳ್ಳಬಹುದು. ಮೊದಲಿನದು, ಮಂಡಿಯನ್ನು ಸುಮಾರು 90 ಡಿಗ್ರಿ ಮಡಚಿ, ಮೂರು ಸೆಕೆಂಡು ಕಲ್ಲಿನಂತೆ ನಿಂತು, ಮತ್ತೆ ಕೆಳಗೆ ಜಗ್ಗದೆ ಏಳುವುದು. ಇದನ್ನು ಕುಗ್ಗಿ ಏಳುವ ನಿಮ್ಮ 42 ಸೆಂ.ಮೀ. ಜೊತೆ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ನೀವು ಕುಗ್ಗುವ ಚಲನೆಯ ಲಾಭ ಪಡೆಯುತ್ತಿಲ್ಲ. ಬಹುಶಃ ತೀರ ಸಾವಕಾಶವಾಗಿ, ತಡವರಿಸುತ್ತ ಇಳಿಯುತ್ತಿದ್ದೀರಿ. ಅಂತರ ಬಹಳ ದೊಡ್ಡದಾದರೆ ಅದನ್ನು ಹೊಗಳಿಕೆ ಎಂದುಕೊಳ್ಳಬೇಡಿ: ನಿಶ್ಚಲ ಸ್ಥಿತಿಯಿಂದ ಬಲ ಬೇಗ ಏರುತ್ತಿಲ್ಲ ಎಂಬ ಸೂಚನೆಯೂ ಅದರಲ್ಲಿದೆ.

ಎರಡನೆಯದು, 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಕಾಲು ಜಾರಿಸಿ ಇಳಿದು, ನೆಲ ಕಾದ ಹೆಂಚೋ ಎಂಬಂತೆ ಕೂಡಲೇ ಪುಟಿಯುವುದು. ಫೋನಿನ ನಿಧಾನ ಚಲನೆಯ ವಿಡಿಯೊದಲ್ಲಿ ಪಾದ ನೆಲದಲ್ಲಿದ್ದ ಸಮಯ ಎಣಿಸಿ. ಅದು 0.25 ಸೆಕೆಂಡಿನೊಳಗಿದ್ದೂ ಎತ್ತರ ಚೆನ್ನಾಗಿದ್ದರೆ ಮೀನಖಂಡ ಮತ್ತು ರಜ್ಜು ನಿಮ್ಮ ಕಡೆಗಿವೆ. ಹಿಮ್ಮಡಿ ನೆಲಕ್ಕೆ ಕುಸಿದು ಮಂಡಿ ಆಳಕ್ಕೆ ಮಡಚಿದರೆ ಕೆಲಸ ಅಲ್ಲಿದೆ.

ಮೂರನೆಯದು, 20 ಕಿಲೋ ಬಾರ್ ಹೆಗಲ ಮೇಲಿಟ್ಟು ಜಿಗಿಯುವುದು. ಇದನ್ನು ತರಬೇತುದಾರರ ಎದುರಿನಲ್ಲೇ ಮಾಡಿ. ಆ ಭಾರಕ್ಕೆ ನಿಮ್ಮ ಎತ್ತರ ಗೆಳೆಯನ ಎತ್ತರಕ್ಕಿಂತ ಬಹಳ ಹೆಚ್ಚು ಕುಸಿದರೆ ನಿಮಗೆ ವೇಗವಿದೆ, ಬಲ ಸಾಲದು. ನನ್ನ ಊಹೆ ಇದೇ. 21 ಮಿಲಿಸೆಕೆಂಡಿನ ಸ್ನಾಯು ಇಟ್ಟುಕೊಂಡು 42 ಸೆಂ.ಮೀ.ನಲ್ಲಿ ನಿಂತಿರುವ ತೆಳ್ಳನೆಯ ಆಟಗಾರರನ್ನು ಬಹಳ ಮಂದಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಬಲವೇ.

ಅದು ನಿಮ್ಮ ಕೊನೆಯ ಪ್ರಶ್ನೆಗೆ ಕರೆತರುತ್ತದೆ. ಭಾರದ ಸ್ಕ್ವಾಟ್ ನಿಮ್ಮ ವೇಗದ ತಂತುಗಳನ್ನು ನಿಧಾನ ತಂತುಗಳನ್ನಾಗಿ ಮಾಡುವುದಿಲ್ಲ. ವೇಗದ ತಂತುಗಳಲ್ಲೇ ಎರಡು ಬಗೆ. ತರಬೇತಿಯಿಂದ ಅತಿವೇಗದ ಬಗೆ ಸ್ವಲ್ಪ ಸಾವಧಾನದ, ಆದರೆ ಹೆಚ್ಚು ತಾಳಿಕೆಯ ಇನ್ನೊಂದು ಬಗೆಯತ್ತ ಸರಿಯುತ್ತದೆ. ವಿಶ್ರಾಂತಿ ಕೊಟ್ಟರೆ ಹಿಂದಿರುಗುತ್ತದೆ. ಈ ಸರಿತಕ್ಕಿಂತ ತಂತುಗಳು ದಪ್ಪವಾಗಿ ಸಿಗುವ ಬಲದ ಲಾಭ ಬಹಳ ದೊಡ್ಡದು. ಬಾರ್ ನಿಧಾನವಾಗಿ ಏರುವುದು ಅದರ ಭಾರದಿಂದ. ನಿಮ್ಮ ಪ್ರಯತ್ನ ನಿಧಾನವಾಗಿರಬಾರದು. ಪ್ರತಿ ಸಲವೂ ಅದನ್ನು ಚಾವಣಿಗೆ ಎಸೆಯುವ ಮನಸ್ಸಿನಿಂದ ಒತ್ತಿ. ನರಗಳು ಕಲಿಯುವುದು ಆ ಉದ್ದೇಶದಿಂದ.

ಮುಂದಿನ ಎಂಟು ವಾರ ಹೀಗೆ ಮಾಡಿ ನೋಡಿ. ವಾರಕ್ಕೆ ಎರಡು ದಿನ ಭಾರದ ಸ್ಕ್ವಾಟ್, ಮೂರರಿಂದ ಐದು ಬಾರಿ ಎತ್ತುವ ನಾಲ್ಕು ಸುತ್ತು, ಸುತ್ತುಗಳ ನಡುವೆ ಮೂರು ನಿಮಿಷ ಬಿಡುವು. ಅದೇ ದಿನಗಳಲ್ಲಿ, ಸ್ಕ್ವಾಟ್‌ಗೆ ಮೊದಲು, ದಣಿವಿಲ್ಲದ ಕಾಲಿನಲ್ಲಿ 15–20 ಪೂರ್ಣ ಪ್ರಯತ್ನದ ಜಿಗಿತಗಳು, ಪ್ರತಿಯೊಂದರ ನಂತರ ಉಸಿರು ಸರಿಹೋಗುವವರೆಗೆ ನಿಲುಗಡೆ. ಮೀನಖಂಡಕ್ಕೆ ಹಿಮ್ಮಡಿ ಎತ್ತುವ ವ್ಯಾಯಾಮ ಭಾರವಾಗಿಯೇ ಇರಲಿ. ರಜ್ಜು ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ಪೆಟ್ಟಿಗೆಯಿಂದ ಪುಟಿಯುವುದನ್ನು ಮೊದಲ ತಿಂಗಳು ಮಿತವಾಗಿ ಇಡಿ. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯ ಮೇಲೆ ಬೆಳಗಿನ ನೋವು ಕಾಣಿಸಿದರೆ ಸಂಖ್ಯೆ ಇಳಿಸಿ. ಮೈ ಬಿಸಿಮಾಡಿಕೊಳ್ಳದೆ ಜಿಗಿತ ಅಳೆಯಬೇಡಿ: ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಜಿಗಿತದಂಥ ಚಲನೆಯ ಸಾಮರ್ಥ್ಯ ಶೇ 4–6ರಷ್ಟು ಹೆಚ್ಚುತ್ತದೆ ಎಂದು 1979ರಲ್ಲೇ ಅಳೆದು ತೋರಿಸಿದ್ದಾರೆ. ಎಂಟನೆಯ ವಾರ ಭಾರವನ್ನು ಅರ್ಧಕ್ಕೆ ಇಳಿಸಿ, ಕೊನೆಯ ದಿನ ಮೂರೂ ಜಿಗಿತಗಳನ್ನು ಅದೇ ಬೂಟು, ಅದೇ ನೆಲ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ಸ್ನಾಯು ಪರೀಕ್ಷೆ ಮತ್ತೊಮ್ಮೆ ಮಾಡಿಸುವುದಾದರೆ ಮೊನೆ ಇಟ್ಟ ಜಾಗಕ್ಕೆ ಶಾಯಿಯಿಂದ ಗುರುತು ಹಾಕಿಸಿಕೊಳ್ಳಿ, ಮೀನಖಂಡದ ಅಂಕಿಯನ್ನೂ ಕೇಳಿ ಪಡೆಯಿರಿ. ಎರಡೂ ಸಲದ ಅಂಕಿಗಳನ್ನು ನನಗೆ ಬರೆದು ಕಳುಹಿಸಿ.